ಅಷ್ಟಮ್ಮ ಕುಂಬಳಕಾಯಿಗೆ ಹೊಲಿಗೆ ಹಾಕಿದ ವರ್ಷ

ಮಂಡ್ಯ,
ಇಸವಿ ೨೧೬೩, ಆಶ್ವಯುಜ ಮಾಸದ ಹುಣ್ಣಿಮೆ

ನನ್ನ ಅಜ್ಜಿಯ ಅಜ್ಜಿಯ ತಾಯಿಯವರಾದ ಡಾಕ್ಟರ್ ನಳಿನಾಕ್ಷಿಯವರಿಗೆ ಹೊಂಬಮ್ಮನು ಮಾಡುವ ನಮಸ್ಕಾರಗಳು.

ಮೇಲಿನ ಇಸವಿ ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದುಹಾಕಬೇಡಿ. ನಮ್ಮ ಕಾಲದಲ್ಲಿ ಹಿಂದಂಚೆ ಎಂಬ ಏರ್ಪಾಡಿದೆ. ಮುಂದಕ್ಕೆ ಹೋಗುವ ಅಂಚೆ ನಿಮ್ಮಲ್ಲೂ ಉಂಟು. ಇದು ಹಿಂದಕ್ಕೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಯಾವ ಪಕ್ಷ ಗೆಲ್ಲುತ್ತದೆ, ಎಲ್ಲಿ ಸೈಟು ತೆಗೆದುಕೊಂಡರೆ ಲಾಭ ಎಂದೆಲ್ಲ ಬರೆಯುವ ಹಾಗಿಲ್ಲ, ಅಂಚೆಮನೆಯಲ್ಲಿ ಒಡೆದು ಓದಿಯೇ ಕಳಿಸುತ್ತಾರೆ. ಓದುವ ಆ ಪುಣ್ಯಾತ್ಮರಿಗೆ ಹೊಟ್ಟೆಯೊಳಗಿನ ಸಂಗತಿ ಗೊತ್ತಿರುವುದಿಲ್ಲವಾದ್ದರಿಂದ, ನಿಮಗೆ ತಿಳಿದಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬಂದರೆ ಅದಕ್ಕೂ ಕ್ಷಮೆ ಇರಲಿ. ನನ್ನ ಹೆಸರು ನೋಡಿ ನಗಬೇಡಿ. ನಿಮ್ಮ ಕಾಲದ ಮುತ್ತಜ್ಜಿಯರ ಹೆಸರುಗಳೇ ಈಗ ಫ್ಯಾಶನ್. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ನಲವತ್ತೆರಡು, ನನಗೆ ಮೂವತ್ತೆಂಟು. ಅಜ್ಜಿ ಎನ್ನಲು ನಾಲಿಗೆ ಏಳುತ್ತಿಲ್ಲ. ಆದರೂ ಅಜ್ಜಿ ಅಜ್ಜಿಯೇ.

ನಿಮ್ಮ ಆಸ್ಪತ್ರೆಗೆ ಮೊದಲ ರೋಬೋಟ್ ಬಂದಿಳಿದ ದಿನವೇ ಇದು ನಿಮ್ಮ ಕೈಸೇರಲಿ ಎಂದು ಕೋರಿಕೊಂಡಿದ್ದೇನೆ. ಆ ದಿನದ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ. ನೀವು ಮಧ್ಯಾಹ್ನದ ಊಟ ಬಿಟ್ಟು, ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರಂತೆ. ಇಷ್ಟು ವರ್ಷ ಕೋಲು ಹಿಡಿದು ಪಳಗಿದ ಕೈ ಈಗ ಮೂಲೆಯಲ್ಲಿ ಕೂತು ವಿಡಿಯೋ ಗೇಮ್ ಆಡಬೇಕಾ ಎಂದು ಬೈದಿರಂತೆ. ನಿಮ್ಮ ಲ್ಯಾಪರೋಸ್ಕೋಪಿಯ ಉದ್ದನೆಯ ಸಲಕರಣೆಗಳನ್ನು, ಅಂದರೆ ನಾವು ಈಗ ಸುಮ್ಮನೆ ಕೋಲು ಎನ್ನುವುದನ್ನು, ಗುಜರಿಗೆ ಹಾಕಿ ಕ್ಲಿನಿಕ್‌ನಲ್ಲಿ ನೆಗಡಿಗೆ ಮಾತ್ರೆ ಬರೆದುಕೊಡುತ್ತೇನೆ ಎಂದಿರಂತೆ. ಕೋಪ ನಮ್ಮ ವಂಶದ ಆಸ್ತಿ, ನನಗೂ ಪಾಲು ಬಂದಿದೆ. ಆದರೆ ಬಾಗಿಲು ತೆಗೆಯುವ ಮೊದಲು ಇದನ್ನೊಂದು ಓದಿಬಿಡಿ.

ನಮ್ಮ ಆಸ್ಪತ್ರೆಯ ಯಂತ್ರಕ್ಕೆ ಅಷ್ಟಮ್ಮ ಎಂದು ಹೆಸರು. ಎಂಟು ಕೈಗಳಿವೆ, ಅದಕ್ಕೆ. ಕಂಪನಿಯವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಯಾರ ಬಾಯಲ್ಲೂ ಹೊರಳಲಿಲ್ಲ. ಡಾಕ್ಟರುಗಳಾದ ನಾವು ಪಕ್ಕದ ಕೋಣೆಯ ಕಣ್ಗೂಡಿನಲ್ಲಿ ಕೂರುತ್ತೇವೆ. ಕಣ್ಗೂಡು ಎಂದರೆ ತಲೆ ತೂರಿಸಿದರೆ ರೋಗಿಯ ಹೊಟ್ಟೆಯೊಳಗೇ ಕೂತಂತೆ ಕಾಣುವ ಒಂದು ಪೆಟ್ಟಿಗೆ. ನಾವು ಬೆರಳು ಆಡಿಸಿದರೆ ಅವಳ ಬೆರಳು ಆಡುತ್ತದೆ. ನಮ್ಮ ಕೈ ನಡುಗಿದರೂ ಅವಳದು ನಡುಗುವುದಿಲ್ಲ. ಅವಳ ಕೈಗೆ ನಮ್ಮ ಹಾಗೇ ಮಣಿಕಟ್ಟಿದೆ, ಬೇಕೆಂದ ಕಡೆ ತಿರುಗುತ್ತದೆ. ನಿಮ್ಮ ಕೋಲಿಗೆ ಆ ಭಾಗ್ಯವಿಲ್ಲ. ಹಿಡಿ ಬಲಕ್ಕೆ ತಳ್ಳಿದರೆ ತುದಿ ಎಡಕ್ಕೆ ಹೋಗುತ್ತದೆ, ಹಟಮಾರಿ ಸೊಸೆಯ ಹಾಗೆ. ಇದ್ದದ್ದು ಇದ್ದ ಹಾಗೆ ಹೇಳಬೇಕು ಅಜ್ಜಿ: ಮೇದೋಜ್ಜೀರಕದ, ಅಂದರೆ ಜಠರದ ಹಿಂದೆ ಅಡಗಿ ಇನ್ಸುಲಿನ್ ಕೊಡುವ ಗ್ರಂಥಿಯ, ಬಾಲವನ್ನು ಕತ್ತರಿಸುವಾಗ, ಅದರ ಬೆನ್ನಿಗೇ ಅಂಟಿಕೊಂಡು ಹೋಗುವ ರಕ್ತನಾಳಗಳನ್ನು ಬಿಡಿಸಿ, ಪಕ್ಕದ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಉಳಿಸುವುದರಲ್ಲಿ ಅವಳದೇ ಮೇಲುಗೈ. ಅರ್ಧದಲ್ಲಿ ಕೈಸೋತು ಹೊಟ್ಟೆ ಸೀಳುವ ಪ್ರಸಂಗ ತಪ್ಪಿಸುವುದರಲ್ಲೂ ಅವಳದೇ ಮೇಲುಗೈ. ಖರ್ಚಿನಲ್ಲೂ ಅವಳದೇ ಮೇಲುಗೈ! ಆಮೇಲಿನ ಸೋರಿಕೆ, ಜ್ವರ, ಮನೆಗೆ ಹೋಗುವ ದಿನ, ಇವುಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ನಮ್ಮಲ್ಲಿ ಈಗ ಎಲ್ಲ ಆಪರೇಷನ್ನೂ ಅವಳೇ ಮಾಡುತ್ತಾಳೆ, ವರ್ಷದಲ್ಲಿ ಒಂದು ದಿನ ಬಿಟ್ಟು.

ಆ ಒಂದು ದಿನ ಆಯುಧಪೂಜೆ. ಅಂದು ಲಾರಿ, ಬಸ್ಸು, ಕುಡುಗೋಲು, ಕತ್ತರಿಗಳ ಜೊತೆ ಅಷ್ಟಮ್ಮನಿಗೂ ರಜೆ. ಅವಳಿಗೆ ಜರಿ ಸೀರೆ ಉಡಿಸಿ, ಮಲ್ಲಿಗೆ ದಿಂಡು ಮುಡಿಸಿ, ಎಂಟೂ ಕೈಗೆ ಹಸಿರು ಬಳೆ ತೊಡಿಸುತ್ತೇವೆ. ಕೋಲುಗಳಿಗೆ ಮಾತ್ರ ಪೂಜೆಯಿಲ್ಲ, ಅವಕ್ಕೆ ಅಂದೇ ಕೆಲಸ. ಯಂತ್ರ ಮಲಗಿದ ದಿನ ಕೈ ಮಲಗಬಾರದು ಎಂಬುದು ನಮ್ಮ ಆಸ್ಪತ್ರೆಯ ಕಟ್ಟಳೆ. ಹಳೆಯ ಕೋಲುಗಳನ್ನೆಲ್ಲ ಬೀರುವಿನಿಂದ ಇಳಿಸಿ, ಆಪರೇಷನ್ನಿನ ಒಂದು ಜೊತೆಯನ್ನು ಆವಿಯಲ್ಲಿ ಶುದ್ಧಮಾಡಿ, ಸವೆದದ್ದನ್ನು ಬದಲಿಸಿ, ಮತ್ತೆ ಕಟ್ಟಿಡುತ್ತೇವೆ. ಆಮೇಲೆ ಪಂದ್ಯ. ಮುಚ್ಚಳಕ್ಕೆ ತೂತು ಕೊರೆದ ಮಡಕೆಯೊಳಗೆ ನೆನೆದ ಅವರೆಕಾಳು, ಜೊತೆಗೊಂದು ಪುಟ್ಟ ಕ್ಯಾಮೆರಾ. ಹೊರಗಿನಿಂದ ಎರಡು ಕೋಲು ತೂರಿಸಿ, ಪರದೆ ನೋಡಿಕೊಂಡು, ಕಾಳು ಒಡೆಯದಂತೆ ಸಿಪ್ಪೆ ಬಿಡಿಸಬೇಕು. ಈಗ ಹನ್ನೆರಡು ತಿಂಗಳೂ ಅವರೆ ಬೆಳೆಯುತ್ತದೆ, ಸೊಗಡು ಮಾತ್ರ ಮಾಗಿಯಲ್ಲೇ. ಬಿಡಿಸಿದ್ದನ್ನೆಲ್ಲ ಹಿತುಕಿದಬೇಳೆ ಸಾರು ಮಾಡಿ ಮುದ್ದೆಯ ಜೊತೆ ಇಡೀ ಆಸ್ಪತ್ರೆ ಉಣ್ಣುತ್ತದೆ. ಹೊಸದಾಗಿ ಬಂದ ಡಾಕ್ಟರುಗಳು ಇದೆಂಥ ಹುಚ್ಚು ಎಂದು ಮೊದಲ ವರ್ಷ ನಗುತ್ತಾರೆ. ಎರಡನೆಯ ವರ್ಷ ಸೋತ ಸಿಟ್ಟಿಗೆ ಮನೆಯಲ್ಲಿ ಮಡಕೆ ಇಟ್ಟುಕೊಳ್ಳುತ್ತಾರೆ. ಸತತ ಮೂರು ವರ್ಷದಿಂದ ಗೆದ್ದವಳು ನಾನೇ. ಹೇಳಿಕೊಳ್ಳಬಾರದು, ಆದರೆ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಇನ್ನು ನನ್ನ ಅತ್ತೆ ಚಿಕ್ಕತಾಯಮ್ಮನವರ ವಿಷಯ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು. ಮಡಕೆಯೊಳಗಿನ ಅವರೆಯನ್ನು ನಾನು ಚೆನ್ನಾಗಿಯೇ ಬಿಡಿಸುತ್ತೇನೆ, ಅಡುಗೆಮನೆಯಲ್ಲಿ ಕೂತು ಕೈಯಲ್ಲಿ ಹಿತುಕುವಾಗ ಮಾತ್ರ ಅರ್ಧ ಕಾಳು ಒಡೆದುಹೋಗುತ್ತದೆ. ಯಾಕೋ ಗೊತ್ತಿಲ್ಲ, ಅತ್ತೆ ಎದುರಿಗೆ ಕೂತಿರುತ್ತಾರೆ, ಅದೂ ಇರಬಹುದು. ಕಾಳು ಹಿತುಕೋಕೆ ಬರಾಕಿಲ್ಲ, ಇವಳು ಹೊಟ್ಟೆ ಕುಯ್ಯೋ ಡಾಕ್ಟ್ರಂತೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಕಳೆದ ಒಂದು ವರ್ಷದಿಂದ ಅವರ ಸಿಟ್ಟು ವಿಪರೀತವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಬೆವರು, ಕೈನಡುಕ, ಕಂಡಕಂಡವರ ಮೇಲೆ ರೇಗಾಟ. ಒಂದು ಒಬ್ಬಟ್ಟು ಕೈಗಿಟ್ಟರೆ ಸರಿಹೋಗುತ್ತಿದ್ದರು. ನಾವು ಅದನ್ನು ಸ್ವಭಾವ ಎಂದುಕೊಂಡೆವು. ನಮ್ಮ ಕಾಲದಲ್ಲಿ ವಯಸ್ಸಾದವರೆಲ್ಲ ಸಕ್ಕರೆಯೋಲೆ ಹಾಕಿಕೊಳ್ಳುತ್ತಾರೆ. ರಕ್ತದಲ್ಲಿ ಸಕ್ಕರೆ ಏರುಪೇರಾದರೆ ಕಿವಿಯಲ್ಲಿ ಹಾಡುವ ಓಲೆ ಅದು. ಸೀರೆಗೆ ಹೊಂದುವುದಿಲ್ಲವೆಂದು ಅತ್ತೆ ಅದನ್ನು ಬಿಚ್ಚಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದರು. ಡಬ್ಬಿಯೊಳಗಿನ ಸಾಸಿವೆಗೆ ಸಕ್ಕರೆ ಎಂದಾದರೂ ಇಳಿಯುತ್ತದೆಯೇ?

ಕೊನೆಗೊಂದು ದಿನ ತುಳಸಿಕಟ್ಟೆಯ ಹತ್ತಿರ ಬಿದ್ದರು. ನೋಡಿದರೆ ಮೇದೋಜ್ಜೀರಕದ ಬಾಲದಲ್ಲಿ ಕಡಲೆಬೀಜದಷ್ಟು ಗಂಟು. ಕ್ಯಾನ್ಸರಲ್ಲ, ಆದರೆ ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನೆಲ್ಲ ಖಾಲಿ ಮಾಡುವ ಗಂಟು. ಗಂಟನ್ನಷ್ಟೇ ಕೆರೆದು ತೆಗೆಯಲಾಗದಷ್ಟು ಆಳದಲ್ಲಿತ್ತು, ಬಾಲವನ್ನೇ ಕತ್ತರಿಸಬೇಕಿತ್ತು. ಎದುರುಮನೆ ಸಾಕಮ್ಮನಿಗೆ ಅಷ್ಟಮ್ಮನೇ ಪಿತ್ತಕೋಶ ತೆಗೆದಿದ್ದಳು. ಹಾಗಾಗಿ ತನಗೂ ಅವಳೇ ಆಗಬೇಕು, ವಿಜಯದಶಮಿಯ ಬೆಳಿಗ್ಗೆಯೇ ಆಗಬೇಕು, ಆ ದಿನಕ್ಕೆ ಮುಹೂರ್ತ ನೋಡಬೇಕಾಗಿಲ್ಲ ಎಂದು ಅತ್ತೆ ಅಪ್ಪಣೆ ಕೊಡಿಸಿದರು. ನಾವೂ ಒಪ್ಪಿದೆವು.

ಹಿಂದಿನ ದಿನ ಆಯುಧಪೂಜೆ. ಪ್ರತಿ ವರ್ಷ ಪೂಜೆಗೆ ಮೊದಲು ಅಷ್ಟಮ್ಮನನ್ನು ಮಲಗಿಸುತ್ತೇವೆ, ಅಂದರೆ ಕರೆಂಟು ತೆಗೆಯುತ್ತೇವೆ. ಈ ಸಲ ನಮ್ಮ ದೊಡ್ಡ ಡಾಕ್ಟರು ಮರಿಯಪ್ಪನವರಿಗೆ ಭಕ್ತಿ ಉಕ್ಕಿತು. ಕಣ್ಣು ಮುಚ್ಚಿದ ದೇವರಿಗೆ ಯಾರಾದರೂ ಪೂಜೆ ಮಾಡುತ್ತಾರಾ, ಅವಳೂ ನೋಡಲಿ ಬಿಡಿ ಎಂದರು. ನಾವು ಯಾರೂ ಬೇಡ ಎನ್ನಲಿಲ್ಲ. ಮಂಗಳಾರತಿಯಾಯಿತು, ಅಷ್ಟಮ್ಮ ಸುಮ್ಮನೆ ನೋಡುತ್ತಿದ್ದಳು. ಮರಿಯಪ್ಪನವರು ಬೂದುಗುಂಬಳಕ್ಕೆ ತೂತು ಮಾಡಿ, ಒಳಗೆ ಕುಂಕುಮದ ನೀರು ತುಂಬಿ, ಅವಳಿಗೆ ನಿವಾಳಿಸಿ, ಅವಳ ಮುಂದೆಯೇ ನೆಲಕ್ಕೆ ಅಪ್ಪಳಿಸಿದರು. ಕೆಂಪು ನೀರು ಚಿಮ್ಮಿತು. ಅಷ್ಟಮ್ಮ ಹುಟ್ಟಿರುವುದೇ ರಕ್ತ ಕಂಡರೆ ನಿಲ್ಲಿಸುವುದಕ್ಕೆ, ಕಣ್ಗೂಡಿನಲ್ಲಿ ಯಾರೂ ಇಲ್ಲದಿದ್ದರೂ ಅಷ್ಟನ್ನು ತಾನೇ ಮಾಡುತ್ತಾಳೆ. ಎಂಟೂ ಕೈ ಚಾಚಿ, ಬಳೆ ಘಲ್ಲೆನ್ನಿಸುತ್ತ ಬಂದು, ಕುಂಬಳದ ಹೋಳುಗಳನ್ನು ಬಾಚಿ ಹಿಡಿದು ಹೊಲಿಯಲಿಕ್ಕೆ ಶುರುಮಾಡಿದಳು! ಅಬ್ಬಬ್ಬಾ, ಏನು ಹೊಲಿಗೆ ಅಜ್ಜಿ, ಕಸೂತಿ ಹಾಕಿದ ಹಾಗಿತ್ತು. ಕುಂಬಳಕಾಯಿ ಮತ್ತೆ ಗುಂಡಗಾಯಿತು. ಆದರೆ ನಾಡಿ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಹುಡುಕಿ, ರೋಗಿ ಉಳಿಯಲಿಲ್ಲ ಎಂದು ಗಂಭೀರವಾಗಿ ಘೋಷಿಸಿ, ಎಂಟೂ ಕೈಗಳನ್ನು ಮುಗಿದು, ತನಗೆ ತಾನೇ ಬೀಗ ಹಾಕಿಕೊಂಡಳು.

ನಕ್ಕು ನಕ್ಕು ನಮಗೆ ಹೊಟ್ಟೆನೋವು ಬಂತು. ನರ್ಸಮ್ಮ ಫಿಲೋಮಿನಾ ಗೋಡೆ ಹಿಡಿದು ಕೂತುಬಿಟ್ಟರು. ಆಮೇಲೆ ನಗು ನಿಂತಿತು. ಯಾಕೆಂದರೆ ಯಂತ್ರದ ಕೈಯಲ್ಲಿ ರೋಗಿ ತೀರಿಕೊಂಡರೆ, ರಾಜಧಾನಿಯಿಂದ ತನಿಖೆಯವರು ಬಂದು ನೋಡುವತನಕ ಆ ಬೀಗವನ್ನು ಯಾರೂ ತೆಗೆಯಲಾಗದು. ಸತ್ತದ್ದು ಕುಂಬಳಕಾಯಿ ಎಂದು ಎಷ್ಟು ಹೇಳಿದರೂ ಅಷ್ಟಮ್ಮ ಕೇಳಲಿಲ್ಲ. ತನಿಖೆಯವರೋ ದಸರಾ ರಜೆಯಲ್ಲಿ ಮೂಲೆಮೂಲೆಗೆ ಚದುರಿಹೋಗಿದ್ದರು. ಹೋಗಲಿ, ಅತ್ತೆಯ ಆಪರೇಷನ್ನನ್ನು ನಾಲ್ಕು ದಿನ ಮುಂದೆ ಹಾಕಿದರಾಯಿತು ಎಂದುಕೊಂಡೆವು. ವಿಜಯದಶಮಿಯ ಬೆಳಿಗ್ಗೆ ಅತ್ತೆಗೆ ಫಿಟ್ಸ್ ಬಂತು.

ಗ್ಲೂಕೋಸ್ ಡ್ರಿಪ್ ಏರಿಸಿದರೆ ಸ್ವಲ್ಪ ಹೊತ್ತು ಕಣ್ಣು ಬಿಡುವುದು, ಮತ್ತೆ ಸಕ್ಕರೆ ಇಳಿಯುವುದು. ಗಂಟು ಹುಚ್ಚುಹಿಡಿದವರ ಹಾಗೆ ಕೆಲಸ ಮಾಡುತ್ತಿತ್ತು. ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ವಾಂತಿಯಾಗುತ್ತಿತ್ತು. ಇನ್ನೊಮ್ಮೆ ಫಿಟ್ಸ್ ಬಂದರೆ ಮಿದುಳಿಗೆ ಪೆಟ್ಟು, ಅದಕ್ಕೂ ಮೀರಿದರೆ ಪ್ರಾಣ. ಮೈಸೂರಿಗೆ ಕರೆದೊಯ್ಯೋಣವೆಂದರೆ ನೆಲದಲ್ಲೂ ಗಾಳಿಯಲ್ಲೂ ದಸರಾ ಜನಸಾಗರ, ದಾರಿಯಲ್ಲೇ ಏನಾದರೂ ಆದರೆ ಎಂಬ ಭಯ. ಮರಿಯಪ್ಪನವರ ಕೈ ಈಗ ನಡುಗುತ್ತದೆ, ಕಣ್ಗೂಡಿಲ್ಲದೆ ಅವರು ಮಾಡಲಾರರು. ಅರಿವಳಿಕೆಯ ಡಾಕ್ಟರನ್ನು ಬಿಟ್ಟರೆ ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು. ಆಪರೇಷನ್ ಮಾಡಲು ಇದ್ದದ್ದು ನಾನು ಮತ್ತು ಹಿಂದಿನ ದಿನವಷ್ಟೇ ಆವಿಯಲ್ಲಿ ತೊಳೆದು ಕಟ್ಟಿಟ್ಟಿದ್ದ ಕೋಲುಗಳು.

ಅತ್ತೆಗೆ ಎಚ್ಚರವಿದ್ದಾಗ ಹೋಗಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅಷ್ಟಮ್ಮನಾಗಿದ್ದರೆ ಗುಲ್ಮ ಉಳಿಯುವ ಭರವಸೆ ಹೆಚ್ಚಿತ್ತು, ಕೋಲಿನಲ್ಲಿ ಸ್ವಲ್ಪ ಕಡಿಮೆ, ರಕ್ತ ನಿಲ್ಲದಿದ್ದರೆ ಹೊಟ್ಟೆ ಸೀಳಬೇಕಾದೀತು, ನಾನು ಮಡಕೆಯಲ್ಲಿ ಬಿಟ್ಟರೆ ಮನುಷ್ಯರಲ್ಲಿ ಕೋಲು ಆಡಿಸಿದವಳಲ್ಲ ಎಂದೂ ಹೇಳಿದೆ. ಅತ್ತೆಗೆ ಮೊದಲು ಬಂದದ್ದು ಸಿಟ್ಟೇ. “ಸಾಕಮ್ಮಂಗೆ ಮಿಸನ್ನು, ನಂಗೆ ಕೋಲಾ? ನಾನೇನು ದನಾನಾ?” ಎಂದರು. ಆಮೇಲೆ ನನ್ನ ಮುಖ ನೋಡಿದರು. ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ ಅದು ಮುಖದಲ್ಲೇ ಬರೆದಿತ್ತು. ಡ್ರಿಪ್ ಹಾಕಿದ ಕೈಯಲ್ಲೇ ನನ್ನ ಕೈ ಹಿಡಿದು, “ಅಳಬ್ಯಾಡ ಕಣವ್ವ. ನೀನೇ ಮಾಡು. ನಿನ್ನ ಬೈಯೋಕಾದ್ರೂ ನಾನು ಎದ್ದು ಬತ್ತೀನಿ” ಎಂದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಹೊರಗೆ ಬಂದು ಅತ್ತುಬಿಟ್ಟೆ, ಆಮೇಲೆ ಕೈ ತೊಳೆದುಕೊಂಡೆ.

ಹೊಟ್ಟೆಗೆ ಗಾಳಿ ತುಂಬಿ, ಐದು ಸಣ್ಣ ತೂತು ಮಾಡಿ, ಕೋಲು ಇಳಿಸಿದೆ. ಫಿಲೋಮಿನಾ ಕ್ಯಾಮೆರಾ ಹಿಡಿದರು. ಪಂದ್ಯದಲ್ಲಿ ಪ್ರತಿ ವರ್ಷ ಎರಡನೆಯವರಾಗಿ ನನ್ನ ಮೇಲೆ ಹಲ್ಲು ಕಡಿಯುವವರು ಅವರೇ. ಮೊದಮೊದಲು ನನ್ನ ತುದಿಗಳು ಒಂದಕ್ಕೊಂದು ತಗುಲಿ ಟಿಕ್ ಟಿಕ್ ಎನ್ನುತ್ತಿದ್ದವು. ಮಣಿಕಟ್ಟಿಲ್ಲದ ಕಷ್ಟ ಏನೆಂದು ಆಗ ತಿಳಿಯಿತು. ಒಂದು ಹೊಲಿಗೆಯ ಓರೆ ಸಿಗಬೇಕಾದರೆ ನಾನೇ ಇಡೀ ಮೈ ಬಾಗಿಸಿ ನಿಲ್ಲಬೇಕು. ಆದರೆ ಇನ್ನೊಂದು ಸಂಗತಿಯೂ ತಿಳಿಯಿತು. ಅಷ್ಟಮ್ಮ ಸ್ಪರ್ಶವನ್ನು ಅಂಕಿಯಲ್ಲಿ ಬರೆದು ತೋರಿಸುತ್ತಾಳೆ. ಕೋಲನ್ನು ಮೇದೋಜ್ಜೀರಕದ ಬೆನ್ನಿನ ದೊಡ್ಡ ರಕ್ತನಾಳದ ಪಕ್ಕ ಇಟ್ಟಾಗ ಅತ್ತೆಯ ನಾಡಿ ನನ್ನ ಬೆರಳಿಗೇ ಬಂತು. ಡಬ್, ಡಬ್ ಎಂದು, ಜಗಳಗಂಟಿ ನಾಡಿ. ನನಗೆ ಧೈರ್ಯ ಬಂದದ್ದು ಆಗ.

ಮೇದೋಜ್ಜೀರಕ ಬೆಣ್ಣೆಯಂಥದ್ದು, ಜೋರು ಮಾಡಿದರೆ ಕೈಗೆ ಬರುತ್ತದೆ. ಅದರ ಬೆನ್ನಿನಿಂದ ನಾಳವನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಹೋದೆ. ಎಲ್ಲ ಸರಿಯಾಗಿತ್ತು ಎನ್ನುವಾಗ ಒಂದು ಸಣ್ಣ ಕವಲು ಹರಿಯಿತು, ಪರದೆಯೆಲ್ಲ ಕೆಂಪು. ಅರಿವಳಿಕೆಯ ಡಾಕ್ಟರು ಸೀಳೋಣವೇ ಎಂದು ಕೇಳಿದರು. ಕತ್ತಿ ತಟ್ಟೆಯಲ್ಲಿ ಸಿದ್ಧವಾಗಿತ್ತು. ನಾನು ಚೂರು ಬಟ್ಟೆ ಒತ್ತಿ ಹಿಡಿದು ಸುಮ್ಮನೆ ನಿಂತೆ. ಮಡಕೆಯಲ್ಲಿ ಕಲಿತದ್ದು ಅದನ್ನೇ: ಕಾಳು ಜಾರಿದರೆ ಅದರ ಹಿಂದೆ ಓಡಬಾರದು, ನಿಲ್ಲಬೇಕು, ಅದು ತಳದಲ್ಲಿ ಕೂತ ಮೇಲೆ ಹಿಡಿಯಬೇಕು. ಫಿಲೋಮಿನಾ ಕ್ಯಾಮೆರಾ ಕದಲಿಸಲಿಲ್ಲ. ಬಟ್ಟೆ ಎತ್ತಿದಾಗ ಹರಿದ ಜಾಗ ಕಾಣಿಸಿತು, ಒಂದು ಹೊಲಿಗೆ ಹಾಕಿದೆ, ನಿಂತಿತು. ಆಮೇಲೆ ಸ್ಟೇಪ್ಲರನ್ನು ನಿಧಾನಕ್ಕೆ ಬಿಗಿಸಿ ಬಾಲವನ್ನು ಕತ್ತರಿಸಿದೆ. ಅಷ್ಟಮ್ಮ ಮಾಡುವುದಕ್ಕಿಂತ ನನಗೆ ಹೊತ್ತು ಹೆಚ್ಚೇ ಹಿಡಿಯಿತು, ಕಾಲುಗಳು ಮರಗಟ್ಟಿ ಹೋಗಿದ್ದವು. ಆದರೆ ಗುಲ್ಮ ಇದ್ದಲ್ಲೇ ಇತ್ತು, ಬಣ್ಣವೂ ಮಾಸಿರಲಿಲ್ಲ.

ಕತ್ತರಿಸಿದ ತುದಿ ಸೋರಿದರೆ ಆ ರಸ ಸುತ್ತಲಿನದನ್ನೆಲ್ಲ ಸುಡುತ್ತದೆ. ಹೊಟ್ಟೆಯಲ್ಲಿ ಇಟ್ಟುಬಂದಿದ್ದ ಕೊಳವೆಯ ನೀರನ್ನು ಮೂರನೆಯ ದಿನ ಪರೀಕ್ಷಿಸುವತನಕ ನಾನು ಅತ್ತೆಯ ಮಂಚ ಬಿಟ್ಟು ಕದಲಲಿಲ್ಲ. ನೀರು ತಿಳಿಯಾಗಿತ್ತು. ಸೋರಿಕೆಯಿಲ್ಲ. ಸಕ್ಕರೆ ತನ್ನ ಪಾಡಿಗೆ ತಾನು ನಿಂತಿದೆ. ಇಂದು ಬೆಳಿಗ್ಗೆ ಕೊಳವೆ ತೆಗೆದೆ. ಅತ್ತೆಗೆ ಈಗ ಒಂದೇ ಕೊರಗು: ಒಬ್ಬಟ್ಟು ಕೇಳಲು ನೆಪವಿಲ್ಲ. ಸಾಕಮ್ಮ ನೋಡಲು ಬಂದು, ಪಾಪ ನಿಮಗೆ ಮಿಸನ್ನು ಸಿಗಲಿಲ್ಲವಂತೆ ಎಂದು ಮರುಗಿದರು. ಅತ್ತೆ ತಲೆದಿಂಬಿಗೆ ಒರಗಿ, “ನಿಂಗೂ ತೂತೇ, ನಂಗೂ ತೂತೇ. ನಿಂದು ಮಿಸನ್ನು ಮಾಡ್ತು. ನಂದು ನನ್ನ ಸೊಸೆ ಮಾಡವ್ಳೆ” ಎಂದರು. ನಾನು ಬಾಗಿಲ ಹಿಂದೆ ಇದ್ದೆ. ಒಳಗೆ ಹೋಗದೆ ಹಾಗೇ ವಾಪಸು ಬಂದೆ, ಕಣ್ಣು ಒರೆಸಿಕೊಳ್ಳಬೇಕಿತ್ತು.

ತನಿಖೆಯವರೂ ನಿನ್ನೆ ಬಂದು ಹೋದರು. ಸಾಕ್ಷಿ ಕೆಡಬಾರದೆಂದು ಐಸಿನಲ್ಲಿಟ್ಟಿದ್ದ ಕುಂಬಳಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಲಿಗೆ ಅತ್ಯುತ್ತಮ, ಮೃತರಿಗೆ ವಾರಸುದಾರರಿಲ್ಲ ಎಂದು ಬರೆದುಕೊಟ್ಟು ಬೀಗ ತೆಗೆದರು. ನಾಳೆಯಿಂದ ಅಷ್ಟಮ್ಮ ಕೆಲಸಕ್ಕೆ ಬರುತ್ತಾಳೆ, ನಾನೂ ಖುಷಿಯಿಂದ ಕಣ್ಗೂಡಿಗೆ ಹೋಗುತ್ತೇನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕುಂಬಳಕಾಯಿಯ ಪ್ರಾಣಕ್ಕೂ ಅಷ್ಟು ಒದ್ದಾಡಿದವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಮುಂದಿನ ವರ್ಷದಿಂದ ಪೂಜೆಗೆ ಮೊದಲು ಅವಳನ್ನು ಮಲಗಿಸುವ ಕೆಲಸ ಮಾತ್ರ ನನ್ನದು.

ಇಷ್ಟು ಬರೆದದ್ದು ಯಾಕೆಂದರೆ, ಅಜ್ಜಿ, ಆ ಬಾಗಿಲು ತೆಗೆದು ಹೊರಗೆ ಬನ್ನಿ. ಮೊದಲು ಊಟ ಮಾಡಿ, ಹಸಿದ ಹೊಟ್ಟೆಯ ಸಿಟ್ಟನ್ನು ನಂಬಬಾರದು, ನಮ್ಮ ಅತ್ತೆಯನ್ನು ಕೇಳಿ ಬೇಕಾದರೆ. ಆಮೇಲೆ ಹೋಗಿ ಆ ಯಂತ್ರದ ಮುಂದೆ ಕೂತು ಕಲಿಯಿರಿ. ಪಾಪ, ನಿಮ್ಮದಕ್ಕೆ ನಾಲ್ಕೇ ಕೈ. ಅದು ನಿಮ್ಮ ಶತ್ರುವಲ್ಲ. ಅದರಿಂದ ಬದುಕುವವರು ಲೆಕ್ಕವಿಲ್ಲದಷ್ಟು ಜನ. ಆದರೆ ಕೋಲುಗಳನ್ನು ಗುಜರಿಗೆ ಹಾಕಬೇಡಿ. ವರ್ಷಕ್ಕೊಂದು ದಿನ, ಯಂತ್ರಕ್ಕೆ ಹೂ ಮುಡಿಸಿದ ದಿನ, ನಿಮ್ಮ ಕೈಕೆಳಗಿನವರ ಕೈಗೆ ಅವನ್ನು ಕೊಡಿ. ಅಂಗಡಿಯಿಂದ ಒಂದು ಮಡಕೆ ತನ್ನಿ, ಮುಚ್ಚಳಕ್ಕೆ ತೂತು ಕೊರೆಸಿ, ಅವರೆ ನೆನೆಹಾಕಿ. ಈ ಪಂದ್ಯ ಶುರುಮಾಡಿದವರು ನೀವೇ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಗುಜರಿಗೆ ಹಾಕುತ್ತೇನೆಂದವರು ಯಾಕೆ ಮನಸ್ಸು ಬದಲಿಸಿದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಈ ಕಾಗದ ಬರೆಯುತ್ತ ಕೂತಾಗ ನನಗೆ ಒಂದು ಅನುಮಾನ ಬಂದಿದೆ, ನಿಮಗೂ ಬಂದಿರಬಹುದು.

ಕಾಗದವನ್ನು ಮಡಿಸುವ ಮೊದಲು ಅತ್ತೆಯನ್ನು ಕೇಳಿದೆ, ಕೋಲು ಉಳಿಸಿದ ಅಜ್ಜಿಗೆ ಏನಾದರೂ ಹೇಳಬೇಕಾ ಎಂದು. ಕಿವಿಯ ಸಕ್ಕರೆಯೋಲೆ ಸರಿಮಾಡಿಕೊಂಡರು. ಆಮೇಲೆ ಹೇಳಿದ್ದನ್ನು ಹಾಗೇ ಬರೆದು ಮುಗಿಸುತ್ತೇನೆ: “ನಿಮ್ಮ ಮೊಮ್ಮಗಳು ಅವರೆಕಾಳು ಈಗ್ಲೂ ಒಡೀತಾಳೆ ಕಣಮ್ಮ. ನನ್ನ ಮಾತ್ರ ಒಡೀಲಿಲ್ಲ.”

ನಿಮ್ಮ ಹೊಂಬಮ್ಮ